ಇಬ್ಬರಿಗೊಂದು ಏರ್‌ಗನ್

ಗ್ಯಾಸ್ ಒಲೆ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಕೂತು ಜನರಿಂದ ಬೈಸಿಕೊಳ್ಳುವುದು ಅಕ್ಕನ ಕೆಲಸ. ಫೋನೆತ್ತಿ ನಮಸ್ಕಾರ ಅನ್ನುವಷ್ಟರಲ್ಲಿ ಆ ಕಡೆಯಿಂದ ಶುರುವಾಗುತ್ತಿತ್ತು. ನಿಮ್ಮ ಕಂಪನಿಗೆ ಬೆಂಕಿ ಬೀಳ, ನಿಮ್ಮ ಮ್ಯಾನೇಜರ್ ಕೈಗೆ ಸಿಕ್ಕರೆ ಸಿಗಿದು ಹಾಕುತ್ತೇನೆ, ನೀನೂ ಒಬ್ಬಳು ಹೆಂಗಸಾ, ಮನೆಯಲ್ಲಿ ಹಾಲು ಕಾಯಿಸಿ ಎಷ್ಟು ದಿನ ಆಯಿತು ಗೊತ್ತಾ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ‘ಎಡಗಡೆ ಬರ್ನರ್ ಹತ್ತುತ್ತಿಲ್ಲ’ ಎಂದು ಟೈಪ್ ಮಾಡುತ್ತಿದ್ದಳು. ಮೆಕ್ಯಾನಿಕ್ಕಿಗೆ ಬೇಕಾದದ್ದು ಬರ್ನರ್, ಬೈಗುಳವಲ್ಲ. ಹೊಸದಾಗಿ ಸೇರಿದ ಹುಡುಗಿಯರು ಶೌಚಾಲಯಕ್ಕೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಕೂರುತ್ತಿದ್ದರು. ಅಕ್ಕ ಒಮ್ಮೆಯೂ ಅತ್ತವಳಲ್ಲ. ಮ್ಯಾನೇಜರ್ ಅವಳನ್ನು ತೋರಿಸಿ ಕಲಿಯಿರಿ ಅನ್ನುತ್ತಿದ್ದ. ಇಂಥದ್ದನ್ನು ಕಲಿತವರ ಗತಿ ಏನಾಗುತ್ತದೆ ಎಂದು ಆ ಮಹಾಶಯನಿಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಬಾಗಿಲು ಕಾಯುವ ಮುದುಕನಿಗೂ ಅಕ್ಕ. ನಿಜವಾಗಿ ನೋಡಿದರೆ ಅವಳು ಅಕ್ಕನಾದದ್ದು ಒಬ್ಬನಿಗೇ. ತಾಯಿ ತೀರಿಕೊಂಡಾಗ ಆ ತಮ್ಮನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಉಣ್ಣಿಸಿ, ತಲೆ ಬಾಚಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು ಅವಳೇ. ಈಗ ಅವನಿಗೆ ನಲವತ್ತರ ಆಸುಪಾಸು. ಮದುವೆಯಾಗಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ತಿಕ್ಕಿ ಫ್ರೇಮಿಗೆ ಕೂರಿಸುತ್ತಾನೆ. ಅಂಚು ಎಲ್ಲಿ ಹೆಚ್ಚಾಗಿದೆ ಎಂಬುದನ್ನು ಎಡಗೈಯ ತೋರುಬೆರಳಿನಿಂದ ಸವರಿ ಕಂಡುಕೊಳ್ಳುತ್ತಾನೆ. ಸಂಜೆ ಮನೆಗೆ ಬಂದು, ಹೊಸ ಕನ್ನಡಕ ಹಾಕಿಕೊಂಡ ಗಿರಾಕಿಗಳು ಕನ್ನಡಿಯ ಮುಂದೆ ಹೇಗೆಲ್ಲ ಮುಖ ಮಾಡಿದರು ಎಂದು ನಟಿಸಿ ತೋರಿಸಿ ಅಕ್ಕನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾನೆ.

ಅಕ್ಕನ ಗಂಡ ನಗುವವನೂ ಅಲ್ಲ, ನಗಿಸುವವನೂ ಅಲ್ಲ. ನೀರೆತ್ತುವ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲುವ ಅವನನ್ನು ಬೀದಿಯವರೆಲ್ಲ ಟರ್ನರ್ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಡಿದ ತುಂಡನ್ನು ಮೂಲೆಗೆ ಬಿಸಾಡುವ ಮನುಷ್ಯ. ಮನುಷ್ಯರ ವಿಷಯದಲ್ಲೂ ಅಷ್ಟೇ. ಮದುವೆಯಾದ ಮೇಲೆ ಅಕ್ಕನ ಮನೆಗೇ ಬಂದು ಉಳಿದಿದ್ದ, ಕಾರ್ಖಾನೆ ಅಲ್ಲಿಗೆ ಹತ್ತಿರ ಎಂಬ ಕಾರಣಕ್ಕೆ. ಮನೆ ತಾಯಿಯ ಕಾಲದ್ದು, ಅಕ್ಕತಮ್ಮಂದಿರಿಬ್ಬರಿಗೂ ಸೇರಿದ್ದು. ಕೆಳಗೆ ನಡುಮನೆ, ಅಡುಗೆಮನೆ, ಗಂಡಹೆಂಡಿರ ಕೋಣೆ. ಮೇಲೆ ತಮ್ಮನ ಕೋಣೆ, ಮನೆಗೆಲ್ಲ ಒಂದೇ ಆದ ಬಾತ್‌ರೂಮು, ಅದರಾಚೆ ತಾರಸಿ.

ಭಾವ ಭಾಮೈದರ ನಡುವೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಒಮ್ಮೆ ನೀರಿನ ಮೀಟರ್ ನೋಡಲು ಬಂದವನು ಮನೆಯ ಯಜಮಾನರು ಯಾರು ಎಂದು ಕೇಳಿದ. ಟರ್ನರ್ ಎದೆ ಸೆಟೆಸಿ ನಾನೇ ಅಂದ. ಮೆಟ್ಟಿಲ ಮೇಲೆ ನಿಂತಿದ್ದ ತಮ್ಮ, “ಅವರು ಯಜಮಾನರಲ್ಲ, ಮನೆ ಅಳಿಯ” ಎಂದು ಕೂಗಿ ಹೇಳಿದ. ಮೀಟರಿನವನು ಹಲ್ಲು ಕಿರಿದ. ಟರ್ನರ್ ತಿರುಗಿ, “ಒಬ್ಬಳೂ ಒಪ್ಪದ ಗಂಡಸು ಮನೆ ಯಜಮಾನನಂತೆ” ಅಂದ. ಮೀಟರಿನವನು ಅದಕ್ಕೂ ಹಲ್ಲು ಕಿರಿದು, ಲೆಕ್ಕ ಬರೆದುಕೊಂಡು ಹೋದ. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ನಿಂತುಹೋಯಿತು. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ. ಒಬ್ಬ ಉಂಡು ಎದ್ದ ಮೇಲೆ ಇನ್ನೊಬ್ಬ ಇಳಿದು ಬಂದು ತಟ್ಟೆ ಹಾಕಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು.

ಆದರೆ ಒಂದು ಸೂರಿನ ಕೆಳಗಿದ್ದ ಮೇಲೆ ಮಾತಿಲ್ಲದೆ ಆಗುತ್ತದೆಯೇ? ಎಲ್ಲವೂ ಅಕ್ಕನ ಮೂಲಕ ಹೋಗಬೇಕು.

“ನಿನ್ನ ತಮ್ಮನಿಗೆ ಹೇಳು, ಬಾತ್‌ರೂಮಿನಲ್ಲಿ ಕೂತು ಮೊಟ್ಟೆ ಇಡ್ತಿದ್ದಾನಾ ಅಂತ. ನನಗೆ ಕೆಲಸಕ್ಕೆ ಹೊತ್ತಾಗುತ್ತೆ” ಎಂದು ಟರ್ನರ್ ನಡುಮನೆಯಿಂದ ಗುರುಗುಟ್ಟುತ್ತಿದ್ದ.

ಅಕ್ಕ ಮೇಲೆ ಹೋಗಿ ಬಾತ್‌ರೂಮಿನ ಬಾಗಿಲು ತಟ್ಟಿ, “ಭಾವನಿಗೆ ಹೊತ್ತಾಯ್ತಂತೆ ಕಣೋ, ಸ್ವಲ್ಪ ಬೇಗ ಬಾ” ಅನ್ನುತ್ತಿದ್ದಳು.

“ಇದು ಅವನ ಅಪ್ಪ ಕಟ್ಟಿಸಿದ ಬಾತ್‌ರೂಮ್ ಅಲ್ಲ ಅಂತ ಹೇಳು.”

ಅಕ್ಕ ಕೆಳಗಿಳಿದು, “ಬಂದೇ ಬಿಟ್ಟ, ಒಂದು ನಿಮಿಷ ಅಂದ” ಅನ್ನುತ್ತಿದ್ದಳು.

ಹೀಗೆ ಆಫೀಸಿನ ಕಸುಬು ಮನೆಗೂ ಬಂತು. ಬೈಗುಳ ಸೋಸಿ ಕೆಳಗೆ ಉಳಿದದ್ದನ್ನಷ್ಟೇ ದಾಟಿಸುವುದು. ಬರಬರುತ್ತಾ ಅವಳು ಸೋಸುವುದರ ಜೊತೆಗೆ ಸಕ್ಕರೆ ಬೆರೆಸುವುದನ್ನೂ ರೂಢಿ ಮಾಡಿಕೊಂಡಳು. ಯಾವನಾದರೂ ಒಬ್ಬ ತೀರಾ ಮುಖ ಗಂಟು ಹಾಕಿಕೊಂಡು ಕೂತಿದ್ದರೆ, ಇನ್ನೊಬ್ಬ ಆಡದೇ ಇದ್ದ ಒಳ್ಳೆಯ ಮಾತೊಂದನ್ನು ಹುಟ್ಟಿಸಿಕೊಂಡು ಬಂದು ಹೇಳುತ್ತಿದ್ದಳು. ಇಷ್ಟೆಲ್ಲ ಯಾಕೆ ಅಂದರೆ, ಅವಳಿಗಿದ್ದ ಭಯ ಒಂದೇ. ಇವರಿಬ್ಬರ ಜಗಳ ಎಲ್ಲೆ ಮೀರಿದರೆ ತಮ್ಮ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾನೆ. ಅವನು ಹೋದರೆ ಆ ಮನೆಯಲ್ಲಿ ಅವಳ ಮುಖ ನೋಡಿ ನಗುವವರು ಯಾರೂ ಉಳಿಯುವುದಿಲ್ಲ. ಟರ್ನರ್ ಎದುರು ಕೂತು ಗೋಡೆ ಗಡಿಯಾರದ ಸದ್ದು ಕೇಳುತ್ತಾ ಮುದುಕಿಯಾಗಬೇಕು. ಆ ಒಂದು ಚಿತ್ರ ಅವಳ ಕಣ್ಣ ಮುಂದೆ ಯಾವಾಗಲೂ ಇರುತ್ತಿತ್ತು.

ಏರ್‌ಗನ್ ತಂದವಳೂ ಅವಳೇ. ಅವಳ ಜೀವಮಾನದ ದಡ್ಡತನ ಅಂದರೆ ಅದು. ಆಫೀಸಿನ ಲೆಕ್ಕದವನು ಮನೆ ಖಾಲಿ ಮಾಡುತ್ತಿದ್ದ. ಬೇಡದ ಸಾಮಾನಿನ ಜೊತೆ, ಹಳೆ ಕಂಬಳಿಯಲ್ಲಿ ಸುತ್ತಿದ ಏರ್‌ಗನ್ನೂ ಇತ್ತು. “ಗಂಡಸರ ಮುಂದೆ ಬಿಚ್ಚಿ ಜೋಡಿಸೋ ಆಟಿಕೆ ಒಂದು ಇಟ್ಟುಬಿಡಿ ಅಕ್ಕ, ಜಗಳ ಮರೀತಾರೆ” ಎಂದು ಪಕ್ಕದ ಕುರ್ಚಿಯ ಹುಡುಗಿ ಅಂದಳು. ತನ್ನ ಮನೆಯ ಗಂಡಸರಿಬ್ಬರೂ ಸ್ಕ್ರೂಡ್ರೈವರ್ ಹಿಡಿದೇ ಹುಟ್ಟಿದವರು ಎಂಬುದು ಅಕ್ಕನಿಗೆ ಗೊತ್ತಿತ್ತು. ತಂದು ನಡುಮನೆಯ ಮೇಜಿನ ಮೇಲಿಟ್ಟು, ಒಮ್ಮೆ ಮೇಲಕ್ಕೂ ಒಮ್ಮೆ ಕೋಣೆಯ ಕಡೆಗೂ ಕೇಳುವಂತೆ, “ಇದು ನಿಮ್ಮಿಬ್ಬರಿಗೂ” ಎಂದು ಹೇಳಿದಳು.

ಅದೊಂದು ದರಿದ್ರ ಬಂದೂಕು. ಅಗ್ಗದ ಮಾಲು ಎಂದು ಮುಟ್ಟಿದ ಕೈಗೇ ಗೊತ್ತಾಗುತ್ತಿತ್ತು. ಮರಕ್ಕೆ ಬಳಿದ ವಾರ್ನಿಷ್ ಬೇಸಿಗೆಯಲ್ಲಿ ಅಂಗೈಗೆ ಅಂಟುತ್ತಿತ್ತು. ಗುರಿ ನೋಡುವ ತುಣುಕು ಅಲುಗಾಡುತ್ತಿತ್ತು. ಟ್ರಿಗರ್ ಎಳೆಯುವುದೆಂದರೆ ತುಕ್ಕು ಹಿಡಿದ ಗೇಟಿನ ಚಿಲಕ ಎಳೆದ ಹಾಗೆ. ಕೆಲಸ ಮಾಡುವ ರೀತಿ ಸರಳ. ನಳಿಗೆಯನ್ನು ಹಿಡಿದು ಕೆಳಗೆ ಬಗ್ಗಿಸಿದರೆ ನಡುವಿನ ಕೀಲಿನಲ್ಲಿ ಅದು ಮಡಚಿಕೊಳ್ಳುತ್ತದೆ, ಒಳಗಿರುವ ದಪ್ಪ ಸ್ಪ್ರಿಂಗು ಅದುಮಿಕೊಂಡು, ಒಂದು ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ನಳಿಗೆಯ ಹಿಂದಿನ ತೂತಿಗೆ ಸೀಸದ ಗುಂಡಿಟ್ಟು ಮೇಲಕ್ಕೆತ್ತಿ ಮುಚ್ಚಬೇಕು. ಟ್ರಿಗರ್ ಎಳೆದರೆ ಕೊಕ್ಕೆ ಬಿಟ್ಟು, ಸ್ಪ್ರಿಂಗು ನುಗ್ಗಿ, ಗಾಳಿಯ ಒತ್ತಡಕ್ಕೆ ಗುಂಡು ಹಾರುತ್ತದೆ. ಈ ಬಂದೂಕಿನಲ್ಲಿ ಗುಂಡಿಗಿಂತ ಮೊದಲು ಸದ್ದು ಹಾರುತ್ತಿತ್ತು, ತಗಡಿನ ಡಬ್ಬಿ ಮೆಟ್ಟಿಲ ಮೇಲೆ ಉರುಳಿದಂಥ ಸದ್ದು. ಗುಂಡು ತನಗೆ ಇಷ್ಟ ಬಂದ ಕಡೆ ಹೋಗುತ್ತಿತ್ತು.

ಇಬ್ಬರೂ ಜೊತೆಗೆ ಕೂತು ರಿಪೇರಿ ಮಾಡುತ್ತಾರೆ ಎಂದು ಅಕ್ಕ ಕನಸು ಕಂಡಿದ್ದಳು. ಆದದ್ದು ಬೇರೆ. “ಒಂದು ದಿನ ನನ್ನದು, ಒಂದು ದಿನ ಅವನದು. ನನ್ನ ದಿನ ಅವನ ಉಸಿರೂ ಅದಕ್ಕೆ ತಾಗಬಾರದು ಅಂತ ಹೇಳು” ಅಂದ ಟರ್ನರ್. ಅಕ್ಕ ಮೇಲೆ ಹೋಗಿ, “ದಿನ ಬಿಟ್ಟು ದಿನ ಆಡಿ ಅಂತ ಭಾವ ಹೇಳಿದ್ರು” ಅಂದಳು.

ಟರ್ನರ್ ತನ್ನ ದಿನ ಬಂದೂಕು ಬಿಚ್ಚಿ, ಸ್ಪ್ರಿಂಗಿನ ಒಳಗೆ ಬಿಗಿಯಾಗಿ ಕೂರುವ ಹಿತ್ತಾಳೆಯ ಸರಳೊಂದನ್ನು ಲೇತಿನಲ್ಲಿ ಮಾಡಿಕೊಂಡು ಬಂದು ಹಾಕಿದ. ಡಬ್ಬಿಯ ಸದ್ದು ಸತ್ತೇಹೋಯಿತು. ಮಾರನೆಯ ದಿನ ತಮ್ಮ ಹೊಡೆದು ನೋಡಿ ಬೆರಗಾದ, ಬೆರಗಾದದ್ದಕ್ಕೆ ತನ್ನ ಮೇಲೇ ಸಿಟ್ಟಾದ. ಅವನು ಹಳೇ ಕನ್ನಡಕದ ಫ್ರೇಮಿನ ಕೀಲು ಕಿತ್ತು, ನಡುವೆ ಸೂಜಿಯ ಮೊನೆಯಷ್ಟು ತೂತಿರುವ ಬಿಲ್ಲೆ ಕೂರಿಸಿ ಗುರಿ ನೋಡಲು ಹೊಸ ಕಿಂಡಿ ಮಾಡಿದ. ಟರ್ನರ್ ತನ್ನ ದಿನ ಅದನ್ನು ಕಿತ್ತೆಸೆದ. ಎಸೆದ ಮೇಲೆ ಒಂದು ಗುಂಡೂ ತಾರಸಿಯಲ್ಲಿ ಗುರಿಗಿಟ್ಟ ಡಬ್ಬಿಗೆ ತಾಗಲಿಲ್ಲ. ಸಂಜೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಾರಸಿಯ ಮೂಲೆಯಲ್ಲಿ ಬಗ್ಗಿ ಹುಡುಕಿ, ಮತ್ತೆ ಕೂರಿಸಿದ. ಅಕ್ಕ ನೋಡುತ್ತಿದ್ದಳು.

ಬಂದೂಕಿನ ಹಿಂದಿನ ಮರದ ಮೇಲೆ ನಡೆದ ಯುದ್ಧವಂತೂ ಹೇಳತೀರದು. ತಮ್ಮನದು ಗಿಡ್ಡ ಕತ್ತು, ಕೆನ್ನೆ ಆನಿಸಲು ಚರ್ಮದ ಮೆತ್ತೆ ಅಂಟಿಸಿದ. ಟರ್ನರನ ಕತ್ತು ಕೊಕ್ಕರೆಯದು, ಮೆತ್ತೆ ಕಿತ್ತು ಮರವನ್ನೇ ಕೆತ್ತಿ ತಗ್ಗು ಮಾಡಿದ. ತಮ್ಮ ತಗ್ಗಿಗೆ ಇನ್ನೂ ದಪ್ಪ ಮೆತ್ತೆ ಹಾಕಿದ. ಟರ್ನರ್ ಇನ್ನೂ ಆಳಕ್ಕೆ ಕೆತ್ತಿದ. ಕೊನೆಗೆ ಅದು ನಾಯಿ ಕಚ್ಚಿ ಬಿಟ್ಟ ಚಪ್ಪಲಿಯ ಹಾಗೆ ಕಾಣುತ್ತಿತ್ತು. ಆದರೆ ದ್ವೇಷಕ್ಕೂ ಒಂದು ಕೈಚಳಕವಿರುತ್ತದೆ ಅನ್ನಿಸುವಂತೆ, ಆ ದರಿದ್ರ ಬಂದೂಕು ದಿನದಿಂದ ದಿನಕ್ಕೆ ನೆಟ್ಟಗಾಯಿತು. ತಾರಸಿಯ ಆ ತುದಿಯಲ್ಲಿ ಮರಳು ಚೀಲದ ಮುಂದಿಟ್ಟ ಬಾಟಲಿ ಮುಚ್ಚಳಕ್ಕೆ ಇಬ್ಬರೂ ಗುರಿ ತಪ್ಪದೆ ಹೊಡೆಯತೊಡಗಿದರು. ತನ್ನಿಂದಲೇ ಅದು ಸರಿಯಾಯಿತು ಎಂದು ಟರ್ನರ್, ತನ್ನಿಂದಲೇ ಎಂದು ತಮ್ಮ. ಮೇಲಕ್ಕೂ ಕೆಳಕ್ಕೂ ಅಕ್ಕ. ನಾನು ಮಾಡಿದ್ದು ಮುಟ್ಟಬೇಡ ಅಂತ ಹೇಳು. ಅವನು ಮಾಡಿದ್ದು ಕಿತ್ತು ಹಾಕ್ತೀನಿ ಅಂತ ಹೇಳು. ಹೇಳಿ ಹೇಳಿ ಅವಳ ಮಂಡಿ ಸವೆದುಹೋಯಿತು. ಬಂದೂಕು ತಂದ ತನ್ನ ಕೈಗೆ ಹಿಡಿಶಾಪ ಹಾಕಿಕೊಂಡಳು.

ಉಳಿದದ್ದು ಟ್ರಿಗರ್. ಅದೊಂದು ಮಾತ್ರ ಇನ್ನೂ ಗೇಟಿನ ಚಿಲಕವಾಗಿಯೇ ಇತ್ತು.

ಒಂದು ಸಂಜೆ ಅಕ್ಕ ಆಫೀಸಿನಿಂದ ಬಂದು ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅವತ್ತು ಫೋನಿನಲ್ಲಿ ಒಬ್ಬ ಅವಳ ಹುಟ್ಟಿನಿಂದ ಹಿಡಿದು ಎಲ್ಲವನ್ನೂ ಜಾಲಾಡಿದ್ದ, ಒಲೆಯ ದೂರು ಏನೆಂದು ಕೊನೆಗೂ ಹೇಳಿರಲಿಲ್ಲ. ಟರ್ನರ್ ಎಣ್ಣೆಗೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ನಿನ್ನ ತಮ್ಮನಿಗೆ ಹೇಳು. ಟ್ರಿಗರಿನ ಕೊಕ್ಕೆ ಉಜ್ಜಿದ್ದೀನಿ. ಗಾಜು ತಿಕ್ಕೋ ಕೈಯಲ್ಲಿ ಅದರ ಹತ್ತಿರ ಹೋಗಬಾರದು ಅಂತ ಹೇಳು. ಒಂದು ಕೆಲಸ ನೆಟ್ಟಗೆ ಬರಲ್ಲ ಅವನಿಗೆ. ಎಲ್ಲಿಂದ ಬರಬೇಕು? ಸಾಕಿದವಳು ನೀನೇ ತಾನೇ.”

ಹೇಳಿ ಅವನು ಕೈ ತೊಳೆಯಲು ಹೋದ. ಅಕ್ಕ ಅಲ್ಲೇ ನಿಂತಿದ್ದಳು. ಅವಳ ಮೈಯೆಲ್ಲ ಉರಿಯುತ್ತಿತ್ತು. ತಮ್ಮನನ್ನು ಬೈದದ್ದು ಅವಳಿಗೆ ಹೊಸದಲ್ಲ, ಅದನ್ನು ಸೋಸುವುದು ಗೊತ್ತಿತ್ತು. ಆದರೆ ಇದು ಅವಳು ಸಾಕಿದ್ದನ್ನು, ಅವಳ ಬದುಕಿನಲ್ಲಿ ಅವಳು ನೆಟ್ಟಗೆ ಮಾಡಿದ್ದ ಒಂದೇ ಒಂದು ಕೆಲಸವನ್ನು, ಎಣ್ಣೆಬಟ್ಟೆಯ ಹಾಗೆ ಮೂಲೆಗೆ ಎಸೆದ ಮಾತು. ಇದರಲ್ಲಿ ಸೋಸಿ ಉಳಿಸುವುದಾದರೂ ಏನಿದೆ? ಮುಟ್ಟಬೇಡ, ಅಷ್ಟೇ ತಾನೇ? ಮುಟ್ಟಬೇಡ ಎಂಬುದನ್ನು ಅವಳು ಎಷ್ಟು ಸಲ ಹೊತ್ತಿದ್ದಳೋ, ಇಬ್ಬರಲ್ಲಿ ಒಬ್ಬನೂ ಕ್ಯಾರೇ ಅಂದಿರಲಿಲ್ಲ. ಹೊತ್ತುಕೊಂಡು ಹೋಗಲು ನಾನೇನು ಇವನ ಆಳಾ ಎಂದುಕೊಂಡಳು. ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದಳು.

ಸ್ವಲ್ಪ ಹೊತ್ತಿಗೆ ತಮ್ಮ ಬಂದ. ಮೆಟ್ಟಿಲು ಹತ್ತುವ ಮೊದಲು ಅಡುಗೆಮನೆಗೆ ಇಣುಕಿ, “ಏನಾದ್ರೂ ಹೇಳಿದ್ನಾ?” ಅಂದ. ಅದು ಅವನ ದಿನನಿತ್ಯದ ಪ್ರಶ್ನೆ.

“ಏನಿಲ್ಲ” ಅಂದಳು ಅಕ್ಕ.

ಅವಳಿಗೆ ಗೊತ್ತಿರದ ಸಂಗತಿ ಏನೆಂದರೆ, ಈ ಸಲದ ಮುಟ್ಟಬೇಡ ನಿಜವಾದ ಮುಟ್ಟಬೇಡವಾಗಿತ್ತು. ಟ್ರಿಗರಿನ ಒಳಗೆ ಎರಡು ಚಿಕ್ಕ ಲೋಹದ ತುಂಡುಗಳು ಒಂದನ್ನೊಂದು ಕಚ್ಚಿಕೊಂಡು ಆ ದೈತ್ಯ ಸ್ಪ್ರಿಂಗನ್ನು ತಡೆದು ನಿಲ್ಲಿಸುತ್ತವೆ. ಕಚ್ಚುವ ಹಲ್ಲು ಉದ್ದವಿದ್ದಷ್ಟೂ ಟ್ರಿಗರ್ ಬಿಗಿ, ಚಿಕ್ಕದಾದಷ್ಟೂ ಸಲೀಸು. ಟರ್ನರ್ ಒಂದು ತುಂಡಿನ ಹಲ್ಲನ್ನು ಎಷ್ಟು ಉಜ್ಜಬಹುದೋ ಅಷ್ಟೇ ಉಜ್ಜಿದ್ದ. ಅದರ ಮೇಲೆ ಎಚ್ಚರಿಕೆಗೆಂದು, ಸದ್ಯಕ್ಕಿರಲಿ ಎಂದು, ಟ್ರಿಗರಿನ ಹಿಂದೆ ಒಂದು ಗಟ್ಟಿ ಸ್ಪ್ರಿಂಗ್ ಹಾಕಿದ್ದ. ಹಾಗಾಗಿ ಹೊರಗಿನಿಂದ ಎಳೆದು ನೋಡಿದವನಿಗೆ ಅದು ಮೊದಲಿಗಿಂತ ಬಿಗಿಯಾಗಿಯೇ ಸಿಗುತ್ತಿತ್ತು.

ಮಾರನೆಯ ದಿನ ತಮ್ಮನ ಪಾಳಿ, ಅಂಗಡಿಗೂ ಅಕ್ಕನ ಆಫೀಸಿಗೂ ರಜೆ ಇತ್ತು. ಟ್ರಿಗರ್ ಎಳೆದು ನೋಡಿ, “ಹೊಟ್ಟೆಕಿಚ್ಚಿಗೆ ಬಿಗಿ ಮಾಡಿಟ್ಟಿದ್ದಾನೆ ನೋಡು” ಎಂದು ಹಲ್ಲು ಕಡಿದ. ಬಿಚ್ಚಿದ. ಅವನ ಕಣ್ಣು ಬಿದ್ದದ್ದು ಎರಡನೆಯ ತುಂಡಿನ ಮೇಲೆ, ಅದು ಒರಟಾಗಿತ್ತು. ಗಾಜಿಗೆ ಹೊಳಪು ಕೊಡುವ ನುಣುಪು ಪುಡಿಯಿಂದ ಅದರ ಹಲ್ಲನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಗಟ್ಟಿ ಸ್ಪ್ರಿಂಗನ್ನು ತೆಗೆದು ಹಳೆಯದನ್ನು ಹಾಕಿದ. ಅವನು ಉಜ್ಜಿದ್ದೂ ಹೆಚ್ಚೇನಿಲ್ಲ, ಅದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ.

ಅಕ್ಕ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಮ್ಮ ಕೆಲವು ಗುಂಡು ಹೊಡೆದ. ಮುಚ್ಚಳಗಳು ಒಂದೊಂದಾಗಿ ಟಿಣ್ ಟಿಣ್ ಎಂದು ಹಾರಿದವು.

“ಅಕ್ಕ, ಬೆರಳು ಇಟ್ಟರೆ ಸಾಕು ಹೋಗುತ್ತೆ. ನಿನ್ನ ಗಂಡನಿಗೆ ಹೇಳು, ಕೆಲಸ ಅಂದ್ರೆ ಹೀಗೆ ಅಂತ.”

“ನೀನೇ ಹೇಳ್ಕೋ” ಅಂದಳು ಅಕ್ಕ, ಬಾಯಿಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ.

ಅವನು ಮತ್ತೆ ನಳಿಗೆ ಬಗ್ಗಿಸಿದ. ಗುಂಡಿಡುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಬಿಗಿಯಾಗಿ ಹಿಡಿದಿರಬೇಕು, ಅದು ಮೊದಲ ಪಾಠ. ಆದರೆ ತನ್ನ ಕೈಕೆಲಸದ ಮೇಲೆ ನಂಬಿಕೆ ಬಂದವನು ಹಿಡಿತ ಬಿಡುತ್ತಾನೆ. ಬಲಗೈಯಲ್ಲಿ ಬಂದೂಕಿನ ಬುಡ ಹಿಡಿದು, ಎಡಗೈಯ ಹೆಬ್ಬೆರಳು ತೋರುಬೆರಳಿನಿಂದ ಗುಂಡನ್ನು ತೂತಿಗೆ ಒತ್ತುತ್ತಿದ್ದ. ಟ್ರಿಗರನ್ನು ಯಾರೂ ಮುಟ್ಟಲಿಲ್ಲ. ಒಳಗೆ ಸವೆದ ಹಲ್ಲುಗಳೆರಡೂ ಜಾರಿದವು. ನಳಿಗೆ ರಪ್ಪನೆ ಮೇಲೆದ್ದು ಮುಚ್ಚಿಕೊಂಡಿತು.

ಅವನು ಕಿರುಚಲಿಲ್ಲ. “ಅಕ್ಕ” ಅಂದ, ಅಷ್ಟೇ. ಚಿಕ್ಕವನಿದ್ದಾಗ ಜ್ವರದಲ್ಲಿ ಕರೆಯುತ್ತಿದ್ದ ದನಿ ಅದು. ಅಕ್ಕ ತಂತಿಯ ಮೇಲಿದ್ದ ಗಂಡನ ಒದ್ದೆ ಅಂಗಿ ಎಳೆದು ಅವನ ಕೈಗೆ ಸುತ್ತಿದಳು. ಅಂಗಿ ಕ್ಷಣದಲ್ಲಿ ಕೆಂಪಾಯಿತು.

ಆಸ್ಪತ್ರೆಯವರು ಹೆಬ್ಬೆರಳು ಹೊಲಿದು ಉಳಿಸಿದರು. ತೋರುಬೆರಳಿನ ತುದಿ ಉಳಿಯಲಿಲ್ಲ. ಟರ್ನರ್ ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದ. ಮಂಚದ ಆಚೆ ಅವನು, ಈಚೆ ಅಕ್ಕ. ವರ್ಷಗಳ ನಂತರ ಭಾವ ಭಾಮೈದರು ಒಂದೇ ಕೋಣೆಯಲ್ಲಿ ಮುಖಾಮುಖಿಯಾಗಿದ್ದರು. ಮೊದಲು ಮಾತಾಡಿದವನು ತಮ್ಮ.

“ಕೊಕ್ಕೆ ನೀವು ಉಜ್ಜಿದ್ರಾ, ಭಾವ?”

“ಉಜ್ಜಿದ್ದೆ. ಮುಟ್ಟಬೇಡ ಅಂತ ಹೇಳಿ ಕಳಿಸಿದ್ದೆನಲ್ಲ.”

“ನನಗೆ ಯಾರೂ ಹೇಳಲಿಲ್ಲ.”

ಇಬ್ಬರ ಕಣ್ಣೂ ಒಟ್ಟಿಗೆ ಅಕ್ಕನ ಮೇಲೆ ಬಿತ್ತು. ಸುಳ್ಳು ಹೇಳಬಹುದಿತ್ತು, ಮರೆತೆ ಅನ್ನಬಹುದಿತ್ತು. ಅವಳು ಅನ್ನಲಿಲ್ಲ.

“ಹೇಳಿದ್ರು. ನಾನೇ ಹೇಳಲಿಲ್ಲ.”

“ನಾನು ಕೇಳಿದ್ನಲ್ಲಕ್ಕ” ಅಂದ ತಮ್ಮ. “ಏನಾದ್ರೂ ಹೇಳಿದ್ನಾ ಅಂತ. ಏನಿಲ್ಲ ಅಂದೆ.”

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅಕ್ಕನಿಗೆ ಆ ಗಳಿಗೆಯಲ್ಲಿ ಸತ್ತರೂ ಆಗಬಹುದು ಅನ್ನಿಸಿತು. ಟರ್ನರ್ ಸುಮ್ಮನಿರುವ ಮನುಷ್ಯನೇ? “ಒಂದು ಮಾತು ದಾಟಿಸೋಕೆ ಆಗಲಿಲ್ಲ ನಿನಗೆ. ಒಂದೇ ಒಂದು ಮಾತು” ಎಂದು ನರ್ಸು ಬಂದು ಗದರುವವರೆಗೂ ಹೇಳುತ್ತಲೇ ಇದ್ದ.

ಅಲ್ಲಿಂದ ಮುಂದೆ ಮನೆಯಲ್ಲಿ ನಡೆದದ್ದು ನೋಡಿದರೆ ಯಾರಿಗಾದರೂ ಮೈ ಪರಚಿಕೊಳ್ಳುವ ಹಾಗಾ‌ಗುತ್ತಿತ್ತು. ಗಂಡಸರಿಬ್ಬರೂ ಗಳಸ್ಯ ಕಂಠಸ್ಯ. ಟರ್ನರ್ ಭಾಮೈದನ ಅಂಗಿಯ ಗುಂಡಿ ಹಾಕಿಕೊಟ್ಟ, ಚಹಾದ ಲೋಟ ಬಲಗೈಗೆ ಕೊಟ್ಟ. ತಮ್ಮ ಮಹಡಿಯಿಂದ ಇಳಿದು ನಡುಮನೆಯಲ್ಲೇ ಕೂರತೊಡಗಿದ. ಅಕ್ಕ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಇಷ್ಟು ವರ್ಷ ಹೆಣಗಿ ಅವಳು ಬಯಸಿದ್ದು ಇದೇ, ಇಬ್ಬರೂ ಒಂದಾಗುವುದು. ಒಂದಾದರು, ಅವಳನ್ನು ಹೊರಗಿಟ್ಟು.

ಒಂದು ಮಧ್ಯಾಹ್ನ ಟರ್ನರ್ ಬಂದೂಕನ್ನು ಪೂರ್ತಿ ಬಿಚ್ಚಿ, ಆ ಎರಡು ಲೋಹದ ತುಂಡುಗಳನ್ನು ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟ. ಅಕ್ಕ ಒಣಗಿದ ಬಟ್ಟೆ ಮಡಚುತ್ತಾ ಪಕ್ಕದಲ್ಲೇ ಕೂತಿದ್ದಳು.

“ನೋಡು. ನಾನು ಉಜ್ಜಿದ್ದು ಇಷ್ಟೇ. ಇದೊಂದೇ ಆಗಿದ್ರೆ ಹಿಡೀತಿತ್ತು.”

ತಮ್ಮ ಕನ್ನಡಕ ಏರಿಸಿ ನೋಡಿದ. “ಹೌದು, ಹಿಡೀತಿತ್ತು. ನಂದೊಂದೇ ಆಗಿದ್ರೂ ಹಿಡೀತಿತ್ತು, ನೋಡಿ.”

ಟರ್ನರ್ ಅಳತೆಯ ಸಾಧನ ಹಿಡಿದು ನೋಡಿದ. “ಹಿಡೀತಿತ್ತು. ನಿನ್ನ ಕೆಲಸದಲ್ಲಿ ತಪ್ಪಿಲ್ಲ.”

“ನಿಮ್ಮದರಲ್ಲೂ ಇಲ್ಲ.”

ಇಬ್ಬರೂ ತೃಪ್ತಿಯಿಂದ ಒರಗಿ ಕೂತರು. ಹಾಗಾದರೆ ತಪ್ಪು ಯಾರದು ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಟರ್ನರ್ ಮಾತ್ರ, “ಹೇಳಿದ್ದನ್ನ ಹೇಳಿದ ಹಾಗೆ ದಾಟಿಸೋದು ಅಂಥ ಕಷ್ಟದ ಕೆಲಸ ಏನಲ್ಲ” ಅಂದ.

ಅಕ್ಕ ಮಡಚುತ್ತಿದ್ದ ಟವೆಲನ್ನು ಪಕ್ಕಕ್ಕಿಟ್ಟಳು.

“ಸರಿ. ದಾಟಿಸ್ತೀನಿ” ಅಂದಳು. ದನಿ ಏರಲಿಲ್ಲ. ಅದು ಅವಳ ಫೋನಿನ ದನಿ. “ಭಾವನಿಂದ ತಮ್ಮನಿಗೆ. ಬಾತ್‌ರೂಮಿನಲ್ಲಿ ಕೂತು ಮೊಟ್ಟೆ ಇಡ್ತಿದ್ದಾನಾ. ಹೆಣ್ಣು ಸಿಗದವನಿಗೆ ಕನ್ನಡಿ ಯಾಕೆ ಬೇಕು. ಅವನು ಉಣ್ಣೋದು ನೋಡಿದ್ರೆ ನನಗೆ ಹೊಟ್ಟೆ ತೊಳಸುತ್ತೆ. ಇವನು ಸತ್ರೆ ಹೊರೋಕೆ ನಾಲ್ಕು ಜನ ಸಿಗಲ್ಲ, ಅದಕ್ಕೂ ನಾನೇ ಹೋಗ್ಬೇಕು.”

“ಏಯ್” ಅಂದ ಟರ್ನರ್.

“ತಮ್ಮನಿಂದ ಭಾವನಿಗೆ. ಬಾಗಿಲಲ್ಲಿ ಬಿದ್ದಿರೋ ನಾಯಿಗಾದ್ರೂ ಮನೆ ಯಾರದ್ದು ಅಂತ ಗೊತ್ತಿರುತ್ತೆ. ಆ ಮುಖ ಬೆಳಿಗ್ಗೆ ನೋಡಿದ್ರೆ ನನಗೆ ಆ ದಿನ ಗಾಜು ಒಡೆಯುತ್ತೆ. ಲೇತ್ ಮೇಲಿರೋ ಪ್ರೀತಿ ಹೆಂಡತಿ ಮೇಲಿದ್ದಿದ್ರೆ ನಮ್ಮಕ್ಕ ಹೀಗೆ ಒಣಗ್ತಿರಲಿಲ್ಲ. ಯಾವತ್ತಾದ್ರೂ ಆ ಯಂತ್ರಕ್ಕೇ ಸಿಕ್ಕಿ ಸಾಯ್ಲಿ.”

“ಅಕ್ಕ, ಸಾಕು.”

ಸಾಕು ಅಂದರೆ ನಿಲ್ಲುವುದೇ? ವರ್ಷಗಳಿಂದ ಸೋಸಿ ಸೋಸಿ ಒಳಗಿಟ್ಟುಕೊಂಡದ್ದು. ಎಲ್ಲಿ ಇಟ್ಟುಕೊಂಡಿದ್ದಳೋ, ಒಂದೂ ಮರೆತಿರಲಿಲ್ಲ. ಯಾವುದು ಯಾರದು ಎಂಬುದರಲ್ಲಿ ಒಂದಿಷ್ಟೂ ತಪ್ಪಲಿಲ್ಲ. ಒಂದಾದ ಮೇಲೊಂದು ಮೇಜಿನ ಮೇಲಿಟ್ಟಳು, ಇಬ್ಬರ ತಲೆಯೂ ತಗ್ಗುವವರೆಗೆ. ಹೇಳುತ್ತಾ ಹೇಳುತ್ತಾ ಅವಳಿಗೆ ಎಂಥದೋ ಹಗುರ ಆಗುತ್ತಿತ್ತು, ಅದರಲ್ಲಿ ಸಂತೋಷವೂ ಇತ್ತು ಎಂದರೆ ಸುಳ್ಳಲ್ಲ. ಇಬ್ಬರೂ ನೋಯಲಿ ಎಂದೇ ಹೇಳುತ್ತಿದ್ದಳು.

“ಇದೆಲ್ಲ ಈಗ ಯಾಕೆ?” ಎಂದು ಟರ್ನರ್ ಕೊನೆಗೆ ಗೊಣಗಿದ.

“ಹೇಳಿದ ಹಾಗೆ ದಾಟಿಸಬೇಕು ಅಂದ್ರಲ್ಲ.”

ತಮ್ಮ ತಲೆಯೆತ್ತಿ ಕೇಳಿದ, “ಆ ಕಿಂಡಿ ಮಾಡಿದಾಗ, ಇಂಥ ಕೈ ನಮ್ಮ ಕಾರ್ಖಾನೆಯಲ್ಲೂ ಇಲ್ಲ ಅಂತ ಭಾವ ಹೇಳಿದ್ರು ಅಂದಿದ್ಯಲ್ಲ?”

ಟರ್ನರ್ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಅವನು ಅಂಥ ಮಾತು ಆಡಿರಲಿಲ್ಲ.

“ನನಗೆ ಜ್ವರ ಬಂದಾಗ ರಾತ್ರಿ ಎದ್ದು ವಿಚಾರಿಸಿದ್ರು ಅಂದದ್ದು?”

“ನಾನೇ ಹೇಳಿದ್ದು.”

“ನಿನ್ನ ತಮ್ಮ ಇಲ್ಲದಿದ್ರೆ ಮನೆ ಬಿಕೋ ಅನ್ನುತ್ತೆ ಅಂತ?”

“ಅದೂ ನಾನೇ.”

ತಮ್ಮ ತಲೆಯಾಡಿಸಿದ. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಅದನ್ನೇ ನೋಡಿದ. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಮರುದಿನದಿಂದ ಗಂಡಸರು ಮತ್ತೆ ಒಬ್ಬ ಮೇಲೆ, ಒಬ್ಬ ಕೆಳಗೆ.

ಕೈ ವಾಸಿಯಾದ ಮೇಲೆ ಕನ್ನಡಕದ ಅಂಗಡಿಯ ಯಜಮಾನ ಅವನನ್ನು ತಿಕ್ಕುವ ಕೆಲಸದಿಂದ ಬಿಡಿಸಿ ಗಿರಾಕಿಗಳಿಗೆ ಫ್ರೇಮ್ ತೋರಿಸಲು ಹಾಕಿದ. ಬೆರಳ ತುದಿ ಹೋದ ಮೇಲೆ ಅಂಚು ಗೊತ್ತಾಗುತ್ತಿರಲಿಲ್ಲ. ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಬಟ್ಟೆ, ಹಾಸಿಗೆ, ಒಂದು ಕುರ್ಚಿಯನ್ನು ಆಗಲೇ ಗಾಡಿಯಲ್ಲಿ ಕಳಿಸಿ, ಕೊನೆಯ ಬ್ಯಾಗು ಹಿಡಿದು ಅವನು ಮೆಟ್ಟಿಲಿಳಿದು ಬಂದ. ಟರ್ನರ್ ಕೆಲಸಕ್ಕೆ ಹೋಗಿದ್ದ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ರಾತ್ರಿಯಿಡೀ ಏನೇನೋ ಯೋಚಿಸಿಟ್ಟಿದ್ದಳು, ಒಂದೂ ನೆನಪಾಗಲಿಲ್ಲ.

“ಹೋಗಬೇಡ ಕಣೋ” ಅಂದಳು. “ನೀನಿಲ್ಲದೆ ಆಗಲ್ಲ.”

ತಮ್ಮ ಅವಳ ಮುಖವನ್ನೇ ನೋಡಿದ. ಚುಚ್ಚಬೇಕು ಎಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

“ಇದು ಯಾರ ಮಾತು ಅಕ್ಕ?”

“ನಂದು” ಅಂದಳು ಅಕ್ಕ. “ನಂದೇ.”

ಅವನು ಸ್ವಲ್ಪ ಹೊತ್ತು ಕಾದ. ನಂಬಿಕೆ ಬರುತ್ತದೇನೋ ಎಂದು ಕಾಯುವವನ ಹಾಗೆ. ಆಮೇಲೆ ಬ್ಯಾಗನ್ನು ಬಲಗೈಗೆ ಬದಲಿಸಿಕೊಂಡು, ಅವಳ ಪಕ್ಕದಿಂದ ಹಾದು ಹೊರಗೆ ನಡೆದ.